ಗೇಟು ಬಿದ್ದಾಗ

ದೂರಿನ ಪೆಟ್ಟಿಗೆ ತಂದು ಹೊಡೆಸಿದರು ಹೆಡ್ ಮೇಷ್ಟ್ರು,
ವರಾಂಡದ ಗೋಡೆಗೆ. ಕೆಂಪು ಬಣ್ಣ, ಪುಟ್ಟ ಬೀಗ.
"ಯಾರಾದರೂ ಕಾಟ ಕೊಟ್ಟರೆ ಚೀಟಿ ಬರೆದು ಹಾಕಿ."
ಮೂರು ತಿಂಗಳಾದ ಮೇಲೆ ತೆಗೆದು ನೋಡಿದರೆ
ಚಾಕಲೇಟಿನ ಕಾಗದ ಏಳು, ಸತ್ತ ಜಿರಳೆ ಒಂದು,
ಒಂದೇ ಒಂದು ಚೀಟಿ. ಅದರಲ್ಲಿ ಏನೂ ಬರೆದಿರಲಿಲ್ಲ.
ಮಡಿಕೆ ಮಾತ್ರ ಬಲು ನೀಟಾಗಿತ್ತು.

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.
ತಟ್ಟೆ ನೋಡಿದರೆ ಮಕ್ಕಳು ತಿಳೀತಾರೆ ಕಣಪ್ಪ,
ಅಡುಗೆಯವಳಿಗೆ:
ಯಾರ ಮೊಟ್ಟೆ ಯಾರ ಜೇಬಿಗೆ ಹೋಯ್ತು,
ಯಾರು ಗೋಡೆ ಕಡೆ ಮುಖ ಮಾಡಿ ಉಣ್ತಾರೆ,
ಹಸಿದಿದ್ದರೂ ಎರಡನೇ ಸಲ ಯಾರು ಕೇಳಲ್ಲ.

ತೀರ್ಥೇಶ ಕೇಳ್ತಿರಲಿಲ್ಲ.
ಆರನೇ ಕ್ಲಾಸು. ಅಪ್ಪ ಕೊಬ್ಬರಿ ಮಂಡೀಲಿ ಮೂಟೆ ಹೊರ್ತಾನೆ.
ಹುಡುಗನ ನಾಲಿಗೆಗೆ ಅವನ ಹೆಸರಿನ ಹೊಸ್ತಿಲೇ ಎತ್ತರ:
ತ, ತ, ತ, ತೀ...
"ಹೊಲಿಗೆ ಮಿಷನ್ನು ಬಂತು ಕಣ್ರೋ!" ಅಂತ ಪ್ರೀತಮ ಕೂಗೋನು,
ಕಾಲಲ್ಲಿ ಪೆಡಲ್ ತುಳಿದು ತೋರ್ಸೋನು.
ಸಾಲಿಗೆ ಸಾಲೇ ತುಳಿಯೋದು.
ಹರಿದ ಜೇಬು ಮುಂದೆ ಹಿಡಿದು "ಹೊಲ್ಕೊಡ್ಲಾ" ಅನ್ನೋರು.
ಹಾಜರಿಗೆ ಅವನು ಕೈ ಎತ್ತುತ್ತಿದ್ದ, ಅಷ್ಟೆ.
ಆಮೇಲೆ ಅದೂ ಬಿಟ್ಟ.
ಬೆಂಚಿನ ಮೇಲೆ ಕೂತ ಹುಡುಗ ರಿಜಿಸ್ಟರಿನಲ್ಲಿ ಗೈರು.

ನಮ್ಮ ಅರಸೀಕೆರೆಯವರಿಗೆ ಕಾಯೋದು ಗೊತ್ತು.
ಗೇಟು ಬಿದ್ದರೆ, ಐವತ್ತೆಂಟು ಡಬ್ಬಿ ಗೂಡ್ಸು
ಉರುಳ್ತಾ ಉರುಳ್ತಾ ನಡುವೆ ನಿಂತೂ ಬಿಡ್ತದೆ.
ಟ್ರ್ಯಾಕ್ಟರಿನವನು, ಹಾಲಿನ ಆಟೋದವನು, ಜೀಪಿನ ಪೊಲೀಸು
ಎಲ್ಲ ಇಂಜಿನ್ ಆಫ್ ಮಾಡಿ ಕಡ್ಲೆಕಾಯಿ ಸುಲೀತಾರೆ.
ಇಷ್ಟು ಹೊತ್ತು ಯಾಕೆ ಅಂತ
ರೈಲನ್ನ ಯಾರೂ ಆಡ್ಕೊಂಡು ನಗಲ್ಲ.

ಒಂದು ಬುಧವಾರ ನಾನೂ ಗೇಟು ಹಾಕಿದೆ.
ಸೌಟು ಎತ್ತಿ ಹಿಡಿದು ಮೊದಲನೆಯವಳನ್ನ ಕೇಳಿದೆ:
"ನಿನ್ನ ಹೆಸರೇನವ್ವ?"
"ದಿನಾ ನೋಡ್ತೀಯಲ್ಲಕ್ಕ!"
"ಹೇಳಿದ್ರೆ ಸಾರು."
ಶಬ್ರೀನ್. ಕುಶಾಲ. ಭೂಮಿಕಾ. ಪ್ರೀತಮ.
ಹದಿನೇಳನೆಯವನು ಅವನು.
ತ, ತ...
ಹಿಂದೆ ಯಾರೋ ಪೆಡಲ್ ತುಳಿದರು.
"ನಕ್ಕೋರು ಸಾಲಿನ ಕೊನೆಗೆ" ಅಂದೆ. ಗದರಲಿಲ್ಲ.
ಅನ್ನ ಆರ್ತಿತ್ತು. ನನ್ನ ರಟ್ಟೆ ಬೀಳ್ತಿತ್ತು.
ಸೌಟಿನಿಂದ ಒಂದೊಂದೇ ಹನಿ ಅವನ ಖಾಲಿ ತಟ್ಟೆಗೆ, ಟಣ್.
ತೀ, ತೀ...
ಸ್ಟೇಷನ್ ಕಡೆಯಿಂದ ಒಂದು ಹಾರನ್ನು ಬಂದು ಹೋಯ್ತು.
ತೀರ್ಥೇಶ.
ಶಭಾಷ್ ಅನ್ನಲಿಲ್ಲ ನಾನು. ಸಾರು ಹಾಕಿದೆ,
ಎಲ್ಲರಿಗೂ ಹಾಕೋ ಹಂಗೆ, ಎರಡು ಸೌಟು.

ಗಂಟೆ ತಪ್ಪುತ್ತೆ ಅಂತ ಹೆಡ್ ಮೇಷ್ಟ್ರು ಗೊಣಗಿದರು.
ಶುಕ್ರವಾರ ರುಚಿ ನೋಡೋಕೆ ತಟ್ಟೆ ಹಿಡಿದು ಬಂದರು.
"ಹೆಸರು ಹೇಳಿ ಸಾ" ಅಂದೆ.
ಕೆಮ್ಮಿದರು. ಆಮೇಲೆ ಇನಿಷಿಯಲ್ ಸಮೇತ ಹೇಳಿದರು.

ಎಲ್ಲ ಸರಿಹೋಯ್ತು ಅಂತ ನಾನೇನೂ ಹೇಳಲ್ಲ.
ಹೋದ ವಾರ ಪಾಯಿಖಾನೆ ಗೋಡೆ ಮೇಲೆ
ಇದ್ದಿಲಲ್ಲಿ ಮಿಷನ್ ಬರೆದಿದ್ದರು, ಚಕ್ರ ಸಮೇತ.
ಇದ್ದಿಲು ಎಲ್ಲಿಂದ ತಂದರೋ, ನಮ್ಮದು ಗ್ಯಾಸು.
ಒದ್ದೆ ಬಟ್ಟೇಲಿ ಉಜ್ಜಿದೆ. ಚಕ್ರ ಇನ್ನೂ ಕಾಣ್ತದೆ.

ನಿನ್ನೆ ಪ್ರೀತಮ ಮೊಟ್ಟೆ ಹಾಕಿಸ್ಕೊಂಡವನು ಮುಂದೆ ಹೋಗಲಿಲ್ಲ.
ಅವನ ಕಿವಿ ಹಿಂದೆ ಬೆಲ್ಟಿನ ಬರೆ.
ಕೇಳಬೇಕಿತ್ತು. ನಾನು ಬಾಯಿ ಬಿಡೋದರೊಳಗೆ ಅವನೇ ಕೇಳಿದ:
"ನಮ್ಮನ್ನೆಲ್ಲ ಕೇಳ್ತೀಯಲ್ಲಕ್ಕ, ನಿನ್ನ ಹೆಸರೇನು?"

ಹನ್ನೊಂದು ವರ್ಷದಿಂದ ಅಡುಗೆ ಅಕ್ಕ.
ಅದಕ್ಕೂ ಮುಂಚೆ, ಇದೇ ವರಾಂಡದಲ್ಲಿ, ಗೊಣ್ಣೆ.
ಐದನೇ ಕ್ಲಾಸು ಮುಗಿಯೋವರೆಗೂ ಗೊಣ್ಣೆ.
ಆರನೆಯದಕ್ಕೆ ನಾನು ಬರಲಿಲ್ಲ.

ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು.
ಸ, ಸಾ...
ಹಿಂದೆ ಸಾಲು ನಿಂತಿತ್ತು. ಕಾಲುಗಳು ಸುಮ್ಮನಿದ್ದವು.
ತೀರ್ಥೇಶ ತಟ್ಟೇನ ಬಲಗೈಯಿಂದ ಎಡಗೈಗೆ ಬದಲಾಯಿಸಿಕೊಂಡ,
ಇನ್ನೂ ಹೊತ್ತಾಗಬಹುದು ಅಂತ ಗೊತ್ತಿರೋನ ಹಂಗೆ.